ರನ್‌ವೇ ಪಕ್ಕದ ಕುರಿದಾರಿ

ರಾಯಚೂರಿನಲ್ಲಿ ಪತ್ರಿಕೆಯ ಕೆಲಸ ಮಾಡುವವನಿಗೆ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ. ಕಟಿಂಗ್ ಅಂಗಡಿಯಲ್ಲಿ ಕೂತರೂ, ಮದುವೆ ಊಟಕ್ಕೆ ಕೂತರೂ ಯಾರಾದರೊಬ್ಬರು ಹತ್ತಿರ ಸರಿದು ಕೇಳುತ್ತಾರೆ: "ಏನ್ರೀ, ನಮ್ಮೂರಾಗ ವಿಮಾನ ಯಾವಾಗ ಇಳೀತದ?" ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. "ನಿಮಗ ಗೊತ್ತದ, ಹೇಳವಲ್ರಿ" ಅನ್ನುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿಯವರಿಗೆ ವಿಮಾನ ಎಂದರೆ ಹೈದರಾಬಾದ್. ಹಜ್‌ಗೆ ಹೋಗುವವರು, ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು, ದಿಲ್ಲಿಗೆ ಅಕ್ಕಿಯ ಮಾದರಿ ಒಯ್ಯುವ ಮಿಲ್ ಮಾಲೀಕರು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೋಗಬೇಕು. ನಾನೂ ಬಂಧುಗಳನ್ನು ಕಳಿಸಲು ಹೋಗಿದ್ದೇನೆ. ಆ ನಿಲ್ದಾಣದ ಗದ್ದಲ ನೋಡುತ್ತ ನಿಂತಾಗ, ಇದರಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದಾರೆಂಬುದು ಮಾತಿನಿಂದಲೇ ತಿಳಿಯುತ್ತದೆ. ಟ್ರಾಲಿ ತಳ್ಳುತ್ತಿದ್ದ ಒಬ್ಬರು ಹೆಂಡತಿಗೆ "ರೊಟ್ಟಿ ಗಂಟು ಕೈಯಾಗ ಇಟ್ಕೋ, ಒಳಗ ಹಾಕಬ್ಯಾಡ" ಅಂದರೆ, ಅವರು ಮಾನ್ವಿಯವರೋ ಸಿಂಧನೂರಿನವರೋ ಎಂದು ನಾವು ಪಂದ್ಯ ಕಟ್ಟುತ್ತಿದ್ದೆವು.

ಆದ್ದರಿಂದ ನಮ್ಮ ನಗರದ ಹೊರಗೇ ಜಾಗ ಗುರುತಾಗಿ, ಕಪ್ಪು ಮಣ್ಣು ತೆಗೆದು ಗಟ್ಟಿ ಕಲ್ಮಣ್ಣಿನ ಗರಸು ತುಂಬಲು ಶುರುವಾದಾಗ ಅದನ್ನು ನೋಡಲೆಂದೇ ಜನ ಬೈಕಿನಲ್ಲಿ ಬರುತ್ತಿದ್ದರು. ಸಂಜೆ ಸಂಸಾರ ಸಮೇತ ಬಂದು, ರೋಲರ್ ಹೋಗಿಬರುವುದನ್ನು ನೋಡಿ, ಮಿರ್ಚಿ ತಿಂದು ಮನೆಗೆ ಹೋಗುತ್ತಿದ್ದರು. ಪಕ್ಕದ ರಸ್ತೆಯಲ್ಲಿ ಒಂದು ಖಾನಾವಳಿ ಎದ್ದಿತು. ಅದರ ಬೋರ್ಡಿನ ಮೇಲೆ ದೊಡ್ಡ ವಿಮಾನದ ಚಿತ್ರ, ಕೆಳಗೆ 'ಅಂತರರಾಷ್ಟ್ರೀಯ' ಎಂಬ ಪದ. ಮಾಲೀಕರನ್ನು ಕೇಳಿದೆ. "ಇವತ್ತಲ್ಲ ನಾಳೆ ಆಗೇ ಆಗ್ತದ್ರಿ. ಆಮ್ಯಾಲ ಮತ್ತ ಬೋರ್ಡ್ ಬರಸೂದು ಯಾಕ?" ಅಂದರು.

ಶನಿವಾರಗಳಂದು ನಾನು ಅಲ್ಲಿಗೆ ಹೋಗಿ ಕೆಲಸ ಎಲ್ಲಿಗೆ ಬಂತೆಂದು ಕಣ್ಣಾರೆ ನೋಡಿ ಬರುವ ರೂಢಿ ಇಟ್ಟುಕೊಂಡಿದ್ದೆ. ಕಚೇರಿಯವರು ಹೇಳಿದ್ದನ್ನಲ್ಲ, ಕಂಡದ್ದನ್ನು ಬರೆಯಬೇಕು ಎಂಬುದು ನಮ್ಮ ಸುದ್ದಿಮನೆಯ ಹಳೆಯ ನಿಯಮ. ಅಂಥ ಒಂದು ಶನಿವಾರ, ಬೇಸಿಗೆಯ ಆರಂಭದಲ್ಲಿ, ಕಾಂಪೌಂಡ್ ಗೋಡೆಗೆಂದು ಅಗೆದ ಪಾಯದ ಆಚೆ ದಂಡೆಯಲ್ಲಿ ಒಂದು ದೊಡ್ಡ ಕುರಿಹಿಂಡು ನಿಂತಿತ್ತು. ಹಿಂಡಿನ ಮುಂದೆ ಒಬ್ಬ ಅಜ್ಜ, ಹಿಂದೆ ಕತ್ತೆಯ ಹಗ್ಗ ಹಿಡಿದ ಅವರ ಹೆಂಡತಿ. ಅಜ್ಜ ಕೋಲಿನ ತುದಿಯಿಂದ ಪಾಯದ ಆಳ ನೋಡುತ್ತಿದ್ದರು.

"ಯಾವೂರ್ರಿ ಯಪ್ಪಾ?" ಎಂದೆ.

"ದೇವದುರ್ಗದ ಕಡಿಯವರ್ರಿ. ಮಾನ್ವಿ ಗದ್ದ್ಯಾಗ ಇದ್ವಿ, ಈಗ ದೇವಸುಗೂರಿಗೆ ಹೊಂಟೀವಿ, ಹೊಳಿ ದಂಡಿಗೆ." ಅಜ್ಜ ಪಾಯದತ್ತ ಕೋಲು ತೋರಿಸಿದರು. "ಇದೇನ್ರಿ, ನೀರಿನ ಕಾಲಿವಿ ಏನು?"

"ಗೋಡಿ ಬರ್ತದ."

"ಎಲ್ಲಿ ಮಟಾ?"

"ಸುತ್ತಲೂ."

ಅಜ್ಜಿ ಹಿಂದಿನಿಂದ ಕೇಳಿದರು: "ಹಂಗಾರ ನಾವೆಲ್ಲಿ ಹಾಯಬೇಕ್ರಿ?"

ಅವರು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಅವರ ಹಿಂಡು ದೇವದುರ್ಗದ ಕಡೆಯ ಗುಡ್ಡಗಳಲ್ಲಿ ಮೇಯುತ್ತದೆ. ಭತ್ತದ ಕಟಾವು ಮುಗಿದ ಮೇಲೆ ಮಾನ್ವಿ, ನೀರಮಾನ್ವಿ ಭಾಗದ ಕಾಲುವೆ ಜಮೀನುಗಳಿಗೆ ಬರುತ್ತದೆ. ಅಲ್ಲಿ ರೈತರು ತಮ್ಮ ಗದ್ದೆಯಲ್ಲಿ ರಾತ್ರಿ ಹಿಂಡು ತರುಬಿಸಿಕೊಳ್ಳುತ್ತಾರೆ. ಎಂದರೆ ಬಲೆ ಕಟ್ಟಿ ಕುರಿಗಳನ್ನು ಅಲ್ಲೇ ಮಲಗಿಸಿ, ಹಿಕ್ಕೆ ಗೊಬ್ಬರ ನೆಲಕ್ಕೆ ಬೀಳುವಂತೆ ಮಾಡುತ್ತಾರೆ. ಕುರಿಗಾರರಿಗೆ ಕಾಳು ಸಿಗುತ್ತದೆ. ಬಿಸಿಲು ಬಲಿತಾಗ ಹಿಂಡು ನೀರಿಗಾಗಿ ಕೃಷ್ಣೆಯ ದಂಡೆಗೆ ನಡೆಯುತ್ತದೆ. ಮಾನ್ವಿಗೂ ಹೊಳೆಗೂ ನಡುವಿನ ಆ ದಾರಿ ಈಗ ವಿಮಾನ ನಿಲ್ದಾಣದ ಜಾಗದ ಮಧ್ಯೆ ಹಾದುಹೋಗುತ್ತಿತ್ತು. ಬೇರೆ ದಾರಿ ಎಂದರೆ ಲಾರಿಗಳು ಓಡುವ ಹೆದ್ದಾರಿ.

"ಮರಿ ಹಾಕೋ ಕುರಿ ಅದಾವ್ರಿ ಇದರಾಗ," ಎಂದರು ಅಜ್ಜ. "ಹೈವೇ ಮ್ಯಾಲ ವರ್ಸಾ ವರ್ಸಾ ಇವನ್ನ ಹೊಡಕೊಂಡು ಹೋಗೂದು ಆಗಂಗಿಲ್ಲ. ದಾರಿ ಮುಚ್ಚಿದ್ರ ಹಿಂಡು ಮಾರಬೇಕು, ಇಲ್ಲಾ ಹೊಳಿ ಮರೀಬೇಕು. ಹೊಳಿ ಮರತ್ರ ಬ್ಯಾಸಗಿ ದಾಟಂಗಿಲ್ಲ. ವಿಮಾನ ಬರ್ಲಿ, ಬ್ಯಾಡ ಅನ್ನಂಗಿಲ್ಲ ನಾವು. ಒಂದ್ ಸಂದು ಬಿಡ್ಲಿ ಅಷ್ಟ."

"ಸಂದು ಬಿಡ್ತಾರಂತ, ಸಂದು," ಎಂದರು ಅಜ್ಜಿ. "ನಿನಗ ಅಂತ ಬೆಳ್ಳಿ ಬಾಗಲಾ ಹಚ್ತಾರ, ನಿಂದ್ರು."

ಆ ದಿನ ಪಾಯ ಇನ್ನೂ ಅಗೆಯದ ಕಡೆಯಿಂದ ಹಿಂಡನ್ನು ದಾಟಿಸಿಕೊಂಡು ಹೋದರು. ಮುಂದಿನ ಬೇಸಿಗೆಗೆ ಅಲ್ಲಿ ಗೋಡೆ ಇರುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

ಸೋಮವಾರ ನಾನು ನಿವೇಶನದ ಕಚೇರಿಗೆ ಹೋದೆ. ಅಲ್ಲಿ ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಮಾನ್ವಿಯ ಅಕ್ಕಿ ಮಿಲ್ ಮನೆತನದ ಹೆಣ್ಣುಮಗಳು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಹಳದಿ ಹೆಲ್ಮೆಟ್. ಕುರಿದಾರಿ ಎಂದ ತಕ್ಷಣ ಅವರಿಗೆ ಅರ್ಥವಾಯಿತು. "ನಮ್ಮ ಗದ್ದ್ಯಾಗೂ ತರುಬ್ತಿದ್ರು. ಸಣ್ಣಾಕಿದ್ದಾಗ ಮರಿ ಎತ್ಕೊಳ್ಳಾಕ ಓಡತಿದ್ದೆ. ಆದ್ರ ಹೊಳಿಗೆ ಈ ಕಡಿಯಿಂದ ಹಾಯ್ತಾವಂತ ನನಗ ಗೊತ್ತಿರಲಿಲ್ಲ ನೋಡ್ರಿ."

ಯಾರ ನಕ್ಷೆಯಲ್ಲೂ ಆ ದಾರಿ ಇರಲಿಲ್ಲ. ಅಳತೆ ನಡೆದದ್ದು ಮಳೆಗಾಲದಲ್ಲಿ. ಆಗ ಹಿಂಡುಗಳು ಗುಡ್ಡದಲ್ಲಿರುತ್ತವೆ, ಇಲ್ಲಿಯ ಕಪ್ಪು ಎರೆಭೂಮಿ ಒಂದೇ ಮಳೆಗೆ ಹೆಜ್ಜೆಗಳನ್ನು ನುಂಗಿಬಿಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದು ವಿಚಾರಿಸಿ ತಿಳಿದುಕೊಂಡೆ, ಹಾಗೆಯೇ ಬರೆದೆ. ಸುದ್ದಿ ಒಳಪುಟದ ಮೂಲೆಯಲ್ಲಿ ಬಂತು. ಮಾರನೆಯ ದಿನ ಬಂದ ಕರೆಗಳಲ್ಲಿ ಅರ್ಧ ಜನ, ಕುರಿ ಹೆಸರು ಹೇಳಿ ವಿಮಾನ ತಡೆಯಬೇಡಿರೆಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಎಂಜಿನಿಯರ್ ಸುಮ್ಮನೆ ಕೂರಲಿಲ್ಲ. ನಗರದಿಂದ ನಿಲ್ದಾಣಕ್ಕೆ ಬರುವ ಹೊಸ ರಸ್ತೆಯ ಕೆಳಗೆ ಮಳೆನೀರಿಗೆಂದು ಒಂದು ಮೋರಿ ಹೇಗೂ ಕಟ್ಟುವುದಿತ್ತು. ಅದನ್ನು ಎತ್ತರಿಸಿ ಅಗಲ ಮಾಡಿದರೆ ಬೇಸಿಗೆಯಲ್ಲಿ ಹಿಂಡು ಹಾಯಬಹುದು, ಗೋಡೆಯನ್ನು ಒಂದು ಬದಿಯಲ್ಲಿ ಸ್ವಲ್ಪ ಒಳಗೆ ಎಳೆದರೆ ಹೊರಮೈಗುಂಟ ದಾರಿ ಉಳಿಯುತ್ತದೆ ಎಂದು ಅವರು ಮೇಲಿನವರಿಗೆ ಹೇಳಿದರು. ಮೇಲಧಿಕಾರಿ ಬೆಂಗಳೂರಿನವರು. ದಾರಿ ನಿಜವಾಗಿಯೂ ಇದೆಯೆಂದು ಕಣ್ಣಿಗೆ ಕಂಡರೆ ಮಾತ್ರ ನಕ್ಷೆ ಬದಲಿಸುತ್ತೇನೆ, ಇಲ್ಲದಿದ್ದರೆ ಗೋಡೆ ಗುರುತಾದಲ್ಲೇ ಏಳುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆ ಷರತ್ತು ನ್ಯಾಯವಾಗಿಯೇ ಇತ್ತು. ಮುಂದಿನ ಬೇಸಿಗೆಯವರೆಗೆ ಆ ಬದಿಯ ಗೋಡೆಯನ್ನು ತಡೆಹಿಡಿಯಲು ಒಪ್ಪಿದರು.

ಬೇಸಿಗೆ ಬಂತು. ಅಧಿಕಾರಿ ಬರುವ ದಿನ ಗೊತ್ತಾಯಿತು. ಹಿಂಡು ಆಗ ನಗರದ ಈಚೆ ಒಂದು ಹೊಲದಲ್ಲಿತ್ತು. ಎಂಜಿನಿಯರ್ ತಾವೇ ಹೋಗಿ, "ನಾಳಿ ಮುಂಜಾನಿ ಸಾಹೇಬ್ರು ಬರ್ತಾರ. ನೀವು ವರ್ಷಾ ವರ್ಷಾ ಹೆಂಗ ಹೋಗ್ತೀರಿ ಹಂಗ ಹಿಂಡು ತಗೊಂಡು ಬರ್ರಿ ಯಪ್ಪಾ" ಎಂದು ಹೇಳಿಬಂದರು.

ಬೆಳಿಗ್ಗೆ ನಾವು ಹೊಸ ರಸ್ತೆಯ ಏರಿಯ ಮೇಲೆ ನಿಂತೆವು. ಟರ್ಮಿನಲ್‌ನ ಉಕ್ಕಿನ ಕಂಬಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದರಾಚೆ ರನ್‌ವೇಯ ಹಾಸು ದೂರದವರೆಗೆ ನೇರವಾಗಿ ಚಾಚಿತ್ತು. ಈ ನಾಡಿನಲ್ಲಿ ಅಷ್ಟು ಮಟ್ಟಸವಾದ ನೆಲವನ್ನು ನಾನು ಕಂಡಿರಲಿಲ್ಲ. ಅಧಿಕಾರಿ ಬಂದರು. ಎಲ್ಲರೂ ಮಾನ್ವಿ ದಿಕ್ಕಿಗೆ ನೋಡುತ್ತ ನಿಂತೆವು. ಹಿಂಡು ಬರಲಿಲ್ಲ. ಧೂಳು ಕೂಡ ಏಳಲಿಲ್ಲ.

"ಎಲ್ಲಮ್ಮಾ ನಿಮ್ಮ ದಾರಿ?" ಎಂದು ಅಧಿಕಾರಿ ಕೇಳಿದರು. ಬಿಸಿಲಿಗೆ ಬಿರಿದ ಎರೆಯ ಮೇಲೆ ಅಲ್ಲೊಂದು ಇಲ್ಲೊಂದು ಜಾಲಿ ಗಿಡ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ. ಎಂಜಿನಿಯರ್ ಹೆಲ್ಮೆಟ್ ತೆಗೆದು ಮತ್ತೆ ಹಾಕಿಕೊಂಡರು.

ಆಗ ಕಾವಲಿನವನೊಬ್ಬ ಬಂದು, ಕುರಿಗಾರರು ಮುಖ್ಯ ಗೇಟಿನ ಹತ್ತಿರ ಕಾಯುತ್ತಿದ್ದಾರೆ ಎಂದ. ಹೋಗಿ ನೋಡಿದರೆ ಅಲ್ಲಿ ಇಡೀ ಹಿಂಡು ಬೇವಿನ ನೆರಳಲ್ಲಿ ನಾಲಿಗೆ ಚಾಚಿ ನಿಂತಿದೆ. ಸಾಹೇಬರು ಕೂರಲೆಂದು ಹೊಸ ಕರಿಕಂಬಳಿ ಹಾಸಿದೆ. ಅದರ ಪಕ್ಕದಲ್ಲಿ ಒಂದು ಚೊಂಬಿನಲ್ಲಿ ಮಜ್ಜಿಗೆ. ಅಜ್ಜ ಒಗೆದ ರುಮಾಲು ಸುತ್ತಿಕೊಂಡು ಕೈಮುಗಿದು ನಿಂತಿದ್ದಾರೆ.

"ಯಾವ ಕಡಿಯಿಂದ ಬಂದ್ರಿ ಯಪ್ಪಾ?" ಎಂದು ಎಂಜಿನಿಯರ್ ಮೆಲ್ಲಗೆ ಕೇಳಿದರು.

"ಹೈವೇ ಮ್ಯಾಲಿಂದ ಸುತ್ತ ಹಾಕ್ಕೊಂಡು ಬಂದ್ವಿ. ನಸುಕಿನ್ಯಾಗ ಎದ್ದು, ಮಂದಿ ಹಚ್ಚಿ, ಲಾರಿ ನಿಂದ್ರಿಸಿ. ಸಾಹೇಬ್ರು ಬಿಳಿ ಅಂಗಿ ಹಾಕ್ಕೊಂಡು ಬರ್ತಾರ, ಅವರ ಎದುರಿಗೆ ಕುರಿಧೂಳು ಎಬ್ಬಸ್ಕೊಂತ ಬಂದ್ರ ಮರ್ಯಾದಿ ಅಲ್ಲಲ್ರಿ."

ಅಧಿಕಾರಿ ಕಂಬಳಿಯ ಮೇಲೆ ಕೂತರು. ಮಜ್ಜಿಗೆ ಕುಡಿದರು. ಒರಟು ಮನುಷ್ಯರಲ್ಲ. ಆದರೆ ಹೇಳಬೇಕಾದ್ದನ್ನು ಹೇಳಿದರು: "ಅಜ್ಜ, ನೀವು ನನ್ನ ಮೇಲಿನ ಗೌರವಕ್ಕೆ ಸುತ್ತಿ ಬಂದಿರಿ. ಸಂತೋಷ. ಆದರೆ ಸುತ್ತಿ ಬರೋದಕ್ಕೆ ಆಗುತ್ತೆ ಅಂತ ನೀವೇ ತೋರಿಸಿಬಿಟ್ಟಿರಲ್ಲ. ಇನ್ನು ನಾನು ನಕ್ಷೆ ಯಾಕೆ ಬದಲಾಯಿಸಬೇಕು ಹೇಳಿ?"

ಅಜ್ಜನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿಗೆ ಆಗಲೇ ಆಗಿತ್ತು.

"ನಿನ್ನ ಮರ್ಯಾದಿ ನಮ್ಮ ದಾರಿ ತಿಂತು ನೋಡು," ಎಂದರು. "ರಾತ್ರಿ ಬಡಕೊಂಡೆ, ಬ್ಯಾಡ ಬ್ಯಾಡ ಅಂತ. ರುಮಾಲ್ ಒಗದ್ಯೋ ಒಗದ್ಯೋ."

"ನೀನಾರ ಮಜ್ಜಗಿ ಕಡಿಲಿಲ್ಲೇನು?"

"ನಾ ಮಜ್ಜಗಿ ಕಡದೆ. ನೀ ಬುಡಾನ ಕಡದಿ."

ಅಧಿಕಾರಿ ನಕ್ಕರು, ಆದರೆ ಏಳಲು ಸಿದ್ಧರಾಗಿ ಮೊಣಕಾಲಿನ ಮೇಲೆ ಕೈಯೂರಿದರು. ನನಗೆ ಅಲ್ಲಿಗೆ ಕಥೆ ಮುಗಿದಂತೆ ಕಂಡಿತು. ಮರುದಿನದ ಪತ್ರಿಕೆಗೆ ಬೇಕಾದ ಸಾಲುಗಳು ಸಿದ್ಧವಾಗಿದ್ದವು, ಹಿತವಾದ ಸಾಲುಗಳಲ್ಲ.

ಅಷ್ಟರಲ್ಲಿ ಹಿಂಡು ಅಲುಗಿತು. ಎಲ್ಲರೂ ಮಾತಿನಲ್ಲಿದ್ದುದರಿಂದ ಕುರಿಗಳ ಮೇಲೆ ಯಾರ ಕಣ್ಣೂ ಇರಲಿಲ್ಲ. ಹಿಂಡಿನ ಮುಂದೆ ನಡೆಯುವ ದೊಡ್ಡ ಹೋತ ಗೇಟು ದಾಟಿ ಒಳಗೆ ಹೆಜ್ಜೆ ಹಾಕಿತ್ತು. ಅದರ ಬೆನ್ನಿಗೆ ನಾಲ್ಕಾರು ಕುರಿ, ಅವುಗಳ ಬೆನ್ನಿಗೆ ಉಳಿದವು. ಕಾವಲಿನವರು ಕೂಗುತ್ತ ಅಡ್ಡ ಓಡಿದರು. ಕುರಿಗಳು ಅವರನ್ನು ಬಳಸಿಕೊಂಡು ಮುಂದೆ ಸಾಗಿದವು. ಅಜ್ಜ ಗಾಬರಿಯಾಗಿ ಸಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟರು.

ಎಂಜಿನಿಯರ್ ಅಜ್ಜನ ಕೈ ಹಿಡಿದರು. "ತಡೀಬ್ಯಾಡ್ರಿ ಯಪ್ಪಾ. ಹೋಗ್ಲಿ ಬಿಡ್ರಿ, ಎಲ್ಲಿಗೆ ಹೋಗ್ತಾವ ನೋಡೂಣು."

ಕಾಮಗಾರಿಯ ಚಿತ್ರ ತೆಗೆಯಲು ಕಚೇರಿಯಲ್ಲೊಂದು ಡ್ರೋನ್ ಇತ್ತು. ಅದನ್ನು ತರಿಸಿ ಮೇಲಕ್ಕೆ ಬಿಟ್ಟರು. ಅಧಿಕಾರಿಯ ಮುಂದೆ ಸಣ್ಣ ಪರದೆ ಹಿಡಿದರು. ನಾವೆಲ್ಲ ಅವರ ಹೆಗಲ ಮೇಲಿಂದ ಬಗ್ಗಿದೆವು.

ಮೊದಲು ಕುರಿಗಳು ಚದುರಿ ಹೋಗುತ್ತಿರುವಂತೆ ಕಂಡಿತು. ಜಾಗದ ನಡುವಿಗೆ ಬಂದೊಡನೆ ಹೋತ ಥಟ್ಟನೆ ಹೊಳೆಯ ದಿಕ್ಕಿಗೆ ತಿರುಗಿತು. ಹಿಂದಿದ್ದ ಕುರಿಗಳು ಅಲ್ಲಿಗೇ ಬಂದು ತಾವೂ ತಿರುಗಿದವು. ನೋಡನೋಡುತ್ತಿದ್ದಂತೆ ಹಿಂಡು ಉದ್ದಕ್ಕೆ ಎಳೆದುಕೊಂಡು ಒಂದು ಕಪ್ಪು ಗೆರೆಯಾಯಿತು. ಡ್ರೋನ್ ಇನ್ನೂ ಮೇಲಕ್ಕೆ ಹೋಯಿತು. ಆಗ ಕಂಡದ್ದನ್ನು ನೆಲದ ಮೇಲೆ ನಿಂತ ನಾವು ಯಾರೂ ಕಂಡಿರಲಿಲ್ಲ. ಅಲ್ಲೊಂದು ಇಲ್ಲೊಂದು ಎಂದುಕೊಂಡಿದ್ದ ಜಾಲಿ ಗಿಡಗಳು ಮಾನ್ವಿ ದಿಕ್ಕಿನಿಂದ ಹೊಳೆಯ ದಿಕ್ಕಿಗೆ ಒಂದೇ ಸಾಲಿನಲ್ಲಿದ್ದವು. ಕುರಿಗಳು ಜಾಲಿಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಬಿಡುತ್ತ ಹೋದಲ್ಲೆಲ್ಲ ಗಿಡ ಎದ್ದಿದ್ದವು. ಯಂತ್ರಗಳು ಬುಡಮೇಲು ಮಾಡಿದ ಕಡೆ ಸಾಲು ಕಡಿದಿತ್ತು. ಆ ಖಾಲಿ ಜಾಗದಲ್ಲಿ ಈಗ ಕುರಿಗಳು ನಡೆಯುತ್ತಿದ್ದವು. ಗಿಡ, ಕುರಿ, ಮತ್ತೆ ಗಿಡ. ಗೆರೆ ಎಲ್ಲೂ ತಪ್ಪಿರಲಿಲ್ಲ.

ಅಧಿಕಾರಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಪ್ರತಿ ವರ್ಷ ಹೀಗೇ ಬರುತ್ತವಾ?"

"ನಾವು ಬರಲಿಲ್ಲಂದ್ರೂ ಅವು ಬರ್ತಾವ್ರಿ ಸಾಹೇಬ್ರ," ಎಂದರು ಅಜ್ಜಿ. "ನಾವು ಸುಮ್ನ ಅವುಗಳ ಹಿಂದ ಅಡ್ಡಾಡ್ತೀವಿ."

ಅಧಿಕಾರಿ ಎದ್ದು ಪ್ಯಾಂಟು ಕೊಡವಿಕೊಂಡರು. ಎಂಜಿನಿಯರ್ ಕಡೆ ತಿರುಗಿ ಆಡಿದ ಮಾತಿನಲ್ಲಿ ಕರುಣೆಯ ಸೋಂಕಿರಲಿಲ್ಲ, ಅದಕ್ಕೇ ನನಗೆ ಅದರ ಮೇಲೆ ಭರವಸೆ ಬಂತು. "ಗೋಡೆ ಕಟ್ಟಿದರೆ ಇವು ಗೋಡೆ ಬುಡಕ್ಕೆ ಬಂದು ನಿಲ್ಲುತ್ತವೆ. ಮಳೆಗೆ ಒಂದು ಕಲ್ಲು ಜಾರಿದರೂ ರನ್‌ವೇ ಮೇಲಿರುತ್ತವೆ. ವಿಮಾನ ಇಳಿಯೋ ಹೊತ್ತಿಗೆ ಇದು ಆಗಬಾರದು. ಇವಕ್ಕೆ ಹೊರಗಡೆ ಒಳ್ಳೆ ದಾರಿ ಕೊಡೋದೇ ನಮಗೆ ಸುರಕ್ಷಿತ. ಆ ಮೋರಿಯ ಹೊಸ ನಕ್ಷೆ ಕಳಿಸಿ."

"ಗ್ವಾಡಿ ಒಳಗ ಎಳಿಯೂದು, ಸರ್?"

"ಅದೂ ಸೇರಿಸಿ."

ಅಜ್ಜ ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ಏನಂದ್ರು?" ನಾನು ಹೇಳಿದೆ. ಅವರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಅಜ್ಜಿ ಕಂಬಳಿ ಮಡಚಿ ಕತ್ತೆಯ ಮೇಲೆ ಹಾಕಿ, ಆಗಲೇ ಅರ್ಧ ದಾರಿ ಮುಟ್ಟಿದ್ದ ಹಿಂಡಿನ ಹಿಂದೆ ಹೊರಟುಬಿಟ್ಟರು.

ಆ ಸುದ್ದಿ ಮೊದಲ ಪುಟದಲ್ಲಿ ಬಂತು, ಮೇಲಿನಿಂದ ತೆಗೆದ ಚಿತ್ರದ ಸಮೇತ. ಈ ಸಲ ಬಂದ ಕರೆಗಳು ಬೇರೆ ಥರದವು. ಮಟಮಾರಿಯಿಂದ ಮಾತಾಡಿದ ಒಬ್ಬ ರೈತರು, ಆ ಹಿಂಡಿನವರು ಎಲ್ಲಿ ಸಿಗುತ್ತಾರೆಂದು ಕೇಳಿ, ನಮ್ಮ ಹೊಲದಲ್ಲೂ ತರುಬಲಿ ಎಂದರು. ಖಾನಾವಳಿಯ ಮಾಲೀಕರು ಚಿತ್ರ ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದರು.

ಮರುವರ್ಷದ ಬೇಸಿಗೆಗೆ ಗೋಡೆ ಎದ್ದಿತ್ತು. ನಿಯಂತ್ರಣ ಗೋಪುರಕ್ಕೆ ಗಾಜು ಕೂರಿಸುತ್ತಿದ್ದರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬದ ಮೇಲೆ ತುಂಬಿಕೊಂಡು ಹಾರುತ್ತಿತ್ತು. ಗೋಡೆಯ ಹೊರಗೆ, ಹೊಸ ರಸ್ತೆಯ ಕೆಳಗೆ, ಮೋರಿಯ ಜಾಗದಲ್ಲಿ ಲಾರಿ ಹೋಗುವಷ್ಟು ಅಗಲದ ಕಾಂಕ್ರೀಟಿನ ಅಂಡರ್‌ಪಾಸ್ ಸಿದ್ಧವಾಗಿತ್ತು. ಹಿಂಡು ಮೊದಲ ಸಲ ಹಾಯುವ ದಿನ ಎಂಜಿನಿಯರ್ ನನಗೂ ಹೇಳಿಕಳಿಸಿದರು.

ಹಿಂಡು ಬಂತು, ಅಂಡರ್‌ಪಾಸಿನ ಬಾಯಿಗೆ ಬಂದು ನಿಂತುಬಿಟ್ಟಿತು. ಹೋತ ಕಾಂಕ್ರೀಟನ್ನು ಮೂಸಿ ಹಿಂದೆ ಸರಿಯಿತು. ಅಜ್ಜ ಮುಂದೆ ನಡೆದು ಕರೆದರು, ಬರಲಿಲ್ಲ. ಎಂಜಿನಿಯರ್ ಮುಖ ಸಣ್ಣದಾಯಿತು. "ಏನಾಯ್ತ್ರಿ ಯಪ್ಪಾ? ಎತ್ತರ ಕಡಿಮಿ ಆತೇನು?"

"ಎತ್ತರಾ ಭಾಳ ಅದ," ಎಂದರು ಅಜ್ಜ. "ಇದರಾಗ ಕುರಿ ವಾಸನಿ ಇಲ್ಲ. ಸುಣ್ಣದ ಮನಿಗೆ ಹೊಸಾ ಸೊಸಿ ಬಂದಂಗ ಮಾಡಾಕತ್ತಾವ. ತಡೀರಿ."

ಕತ್ತೆಯ ಮೇಲಿದ್ದ ಒಂದು ಚೀಲವನ್ನು ಅಜ್ಜಿ ಆಗಲೇ ಇಳಿಸುತ್ತಿದ್ದರು. ಹಿಂದಿನ ರಾತ್ರಿ ಹಿಂಡು ಮಲಗಿದ್ದ ಹೊಲದಿಂದ ಬಳಿದು ತಂದ ಹಿಕ್ಕೆ ಅದರಲ್ಲಿತ್ತು. ಅಂಡರ್‌ಪಾಸಿನ ಆ ತುದಿಯಿಂದ ಈ ತುದಿಯವರೆಗೆ ಬೀಜ ಬಿತ್ತಿದಂತೆ ಎರಚುತ್ತ ಬಂದರು. ಎಂಜಿನಿಯರ್ ತಮ್ಮ ಶುಚಿಯಾದ ಕಾಂಕ್ರೀಟನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿಕೊಂಡರು, ಆಮೇಲೆ ತಾವೂ ಎರಡು ಬೊಗಸೆ ತುಂಬಿಕೊಂಡು ಎರಚಿದರು.

ಹೋತ ಮತ್ತೆ ಮೂಸಿತು. ಒಂದು ಹೆಜ್ಜೆ ಇಟ್ಟಿತು, ಇನ್ನೊಂದು. ಆಮೇಲೆ ತಡೆಯುವವರೇ ಇಲ್ಲ. ಇಡೀ ಹಿಂಡು ನುಗ್ಗಿತು. ಗೊರಸಿನ ಸದ್ದು ಕಾಂಕ್ರೀಟಿಗೆ ಬಡಿದು ಇಮ್ಮಡಿಯಾಗಿ, ಮಳೆ ಹೊಯ್ದಂತೆ ಕೇಳಿಸಿತು. ತಲೆಯ ಮೇಲಿನ ರಸ್ತೆಯಲ್ಲಿ ಜಲ್ಲಿ ಲಾರಿಗಳು ಹೋಗುತ್ತಿದ್ದವು. ಕೆಳಗೆ ಕುರಿಗಳು ಹೋಗುತ್ತಿದ್ದವು. ಯಾರೂ ಯಾರಿಗೂ ನಿಲ್ಲಬೇಕಾಗಿರಲಿಲ್ಲ. ಆಚೆ ಬೆಳಕಿಗೆ ಬಂದ ಹಿಂಡು ಗೋಡೆಯ ಬದಿಗುಂಟ ಹೊಳೆಯ ಕಡೆ ಇಳಿಯಿತು. ಮೇಲೆ ರಸ್ತೆಯ ಕಟಕಟೆಗೆ ಒರಗಿ ನೋಡುತ್ತಿದ್ದ ಕೂಲಿಯವರು ಸಿಳ್ಳೆ ಹಾಕಿದರು.

ಕೊನೆಯಲ್ಲಿ ಕತ್ತೆಯ ಜೊತೆ ಅಜ್ಜಿ ಹಾದರು. ಆಚೆ ತುದಿ ಮುಟ್ಟಿದ ಮೇಲೆ ತಿರುಗಿ ನಿಂತು, ಅಂಡರ್‌ಪಾಸಿನ ಎರಡೂ ಗೋಡೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ರಾತ್ರಿ ಕೀಲಿ ಗೀಲಿ ಹಾಕ್ತೀರೇನವಾ ಇದಕ?" ಎಂದು ಕೂಗಿ ಕೇಳಿದರು.

"ಇಲ್ಲ ಯವ್ವಾ," ಎಂದರು ಎಂಜಿನಿಯರ್ ಈಚೆಯಿಂದ. "ಬಾಗಲಾನ ಇಟ್ಟಿಲ್ಲ."